ಪುಗಸಟ್ಟೆಯ ಹೆಸರಿನ ಸಾಲು

ಲಿಫ್ಟ್ ರಿಪೇರಿಯವನಿಗೆ ಕುಡಿತವಿರಲಿಲ್ಲ, ಇಸ್ಪೀಟು ಇರಲಿಲ್ಲ. ಅಷ್ಟನ್ನು ನೋಡಿಯೇ ಹೆಣ್ಣು ಕೊಟ್ಟಿದ್ದರು. ಹಳೆಯ ಕಂಪ್ಯೂಟರಿಗೆ ತಾನೇ ಆಪರೇಟಿಂಗ್ ಸಿಸ್ಟಮ್ ಬರೆಯುವ ಚಟವೂ ಲೋಕದಲ್ಲಿದೆಯೆಂದು, ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು? ಯಂತ್ರವನ್ನು ಎಬ್ಬಿಸಿ, ಕೀಲಿಮಣೆಯ ಮಾತು ಕೇಳಿ, ಪರದೆಗೆ ಅಕ್ಷರ ತರುವ ಆ ಯಜಮಾನಿಕೆಯನ್ನೆಲ್ಲ ಅವನು ಮೊದಲಿನಿಂದ ಸ್ವಂತ ಬರೆದಿದ್ದ. "ಒಂದು ಸಾಲೂ ಎರವಲಲ್ಲ" ಎನ್ನುವುದು ಅವನು ತನಗೆ ತಾನೇ ಕೊಟ್ಟುಕೊಂಡ ಬಿರುದು.

ಹೆಂಡತಿ ಆಸ್ಪತ್ರೆಯ ನರ್ಸು, ಸದಾ ರಾತ್ರಿ ಪಾಳಿ. ಅವಳು ಮಲಗುವ ಹೊತ್ತಿಗೇ ಅವನಿಗೆ ಬಿಡುವು, ಇರುವುದು ಒಂದೇ ಕೋಣೆ. ಅವನ ಸಿಸ್ಟಮ್ಮಿಗೆ ಸುಮ್ಮನಿರುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತಿತ್ತು. ಕೆಲಸವಿಲ್ಲದಾಗಲೂ 'ಕೆಲಸವಿದೆಯೇ, ಕೆಲಸವಿದೆಯೇ' ಎಂದು ತನ್ನನ್ನೇ ಕೇಳಿಕೊಂಡು ಸುತ್ತುತ್ತಿತ್ತು. ಸುತ್ತಿ ಸುತ್ತಿ ಬಿಸಿಯೇರಿ, ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಅರಚುತ್ತಿತ್ತು.

"ರೀ, ನಿನ್ನೆ ನಿದ್ದೆಗಣ್ಣಲ್ಲಿ ಒಬ್ಬರ ಮಾತ್ರೆ ಪಕ್ಕದ ಮಂಚದವರ ಕೈಗಿಟ್ಟಿದ್ದೆ. ಅವರೇ 'ಸಿಸ್ಟರ್, ಇದು ನಂದಲ್ಲ' ಅಂದ್ರು. ನಿಮ್ಮ ಯಂತ್ರ ಮಲಗೋದು ಕಲೀಲಿ. ಇಲ್ಲಾಂದ್ರೆ ನಾನು ಅಕ್ಕನ ಮನೇಲಿ ಮಲಗ್ತೀನಿ. ಆಮೇಲೆ ಅಲ್ಲೇ ಊಟ, ಅಲ್ಲೇ ವಾಸ."

ಅವನು ತಿಣುಕಿ ನೋಡಿದ. ಯಾವ ಭಾಗವನ್ನು ಹೇಗೆ ಮಲಗಿಸಬೇಕೆಂದು ತಯಾರಿಸಿದವರು ಯಂತ್ರದೊಳಗೇ ಬರೆದಿಟ್ಟ ಕೋಷ್ಟಕಗಳು ಕಬ್ಬಿಣದ ಕಡಲೆ. ಅವನ್ನು ಅರಗಿಸಿಕೊಂಡ ಪ್ರೋಗ್ರಾಮಿನ ಕೋಡು ಇದ್ದದ್ದು ಹೆಂಡತಿಯ ತಮ್ಮನ ಬಳಿ. ಅವನಿಗೂ ಇದೇ ಹುಚ್ಚು. ಆದರೆ ಅವನು ಕಂಡವರ ಕೋಡನ್ನು ಕೇಳಿ ತಂದು, ಕೊಟ್ಟವರ ಹೆಸರು ಹಾಕಿ, ಹೊಂದಿಸಿಕೊಳ್ಳುವವನು. ಲಿಫ್ಟಿನವನು ಅವನಿಗೆ 'ಪುಗಸಟ್ಟೆ' ಎಂದು ಹೆಸರಿಟ್ಟು ನೆಂಟರ ನಡುವೆ ನಗಿಸಿಯೂ ಆಗಿತ್ತು. ಈಗ ಅದೇ ಬಾಗಿಲು ತಟ್ಟಬೇಕಾಯಿತು.

"ತಗೊಳ್ಳಿ ಭಾವ, ಧಾರಾಳವಾಗಿ," ಎಂದ ಪುಗಸಟ್ಟೆ. "ಒಂದೇ ಷರತ್ತು. ನನ್ನ ಹೆಸರು ಇರ್ಬೇಕು."

"ಫೈಲಿನ ತಲೆ ಮೇಲೆ ಇರುತ್ತೆ ಬಿಡು. ಅಲ್ಲಿ ಯಾರು ನೋಡ್ತಾರೆ."

"ಅದೂ ಸರಿ. ಅಲ್ಲಿ ಯಾರು ನೋಡ್ತಾರೆ," ಎಂದು ಅವನು ಮೀಸೆಯಲ್ಲೇ ನಕ್ಕ.

ಕೋಡು ಸೇರಿಸಿದ ಮೊದಲ ಸಲಕ್ಕೇ ಯಂತ್ರ ಹಾಲು ಕುಡಿದ ಕೂಸಿನಂತೆ ಮಲಗಿತು. ಮಲಗುವ ಮುನ್ನ ಮಾತ್ರ ಪರದೆಯ ಮೇಲೆ ಒಂದು ಸಾಲು ಬರೆಯಿತು: 'ಮಲಗಿಸಿದವನು, ನಿಮ್ಮ ಪ್ರೀತಿಯ ಪುಗಸಟ್ಟೆ.'

ಲಿಫ್ಟಿನವನ ಮೈ ಉರಿಯಿತು. ಫೈಲಿನ ತಲೆಯ ಮೇಲೆ ಹೆಸರಿದೆಯಲ್ಲ, ಮಾತಿಗೆ ತಪ್ಪಿದಂತಾಗಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಆ ಸಾಲನ್ನು ಅಳಿಸಿದ. ಯಂತ್ರ ಅರ್ಧ ಮಲಗಿ ಸೆಟೆದುಕೊಂಡಿತು. ಫ್ಯಾನು ಮೊದಲಿಗಿಂತ ಜೋರಾಗಿ ಬೊಬ್ಬೆ ಹೊಡೆಯಿತು.

"ಬಟ್ಟೆ ಗಂಟು ಕಟ್ಲಾ?" ಎಂದಳು ಹೆಂಡತಿ, ಕಣ್ಣು ಮುಚ್ಚಿಯೇ.

ಅವನು ಪ್ಲಗ್ಗು ಕಿತ್ತು ಮರಳಿ ಸಿಕ್ಕಿಸಿದ. ಸಾಲನ್ನು ಮತ್ತೆ ಹಾಕಿದ, ಯಂತ್ರ ಮಲಗಿತು. ಆಗ ಹೊಳೆಯಿತು. ಲಿಫ್ಟಿನಲ್ಲಿ ಮೋಟಾರು ನಿಂತ ಮೇಲೆ ಬ್ರೇಕು ಹಿಡಿಯುವ ಮುನ್ನ ಒಂದು ಗಳಿಗೆ ಬೇಕು. ಈ ಮುದಿ ಯಂತ್ರಕ್ಕೂ ಎರಡು ಆಜ್ಞೆಗಳ ನಡುವೆ ಉಸಿರು ತೆಗೆದುಕೊಳ್ಳಲು ಅಷ್ಟು ಹೊತ್ತು ಬೇಕು. ಪುಗಸಟ್ಟೆಯ ಹೆಸರು ಬರೆದು ಮುಗಿಯುವಷ್ಟರಲ್ಲಿ ಅದು ಸಿಗುತ್ತಿತ್ತು.

ಹೆಸರಿನ ಬದಲು ಬರೀ ಕಾಯುವ ಸಾಲೊಂದನ್ನು ತಾನೇ ಬರೆಯಬಹುದಿತ್ತು. ಎಷ್ಟು ಕಾಯಬೇಕೆನ್ನುವುದು ಓಡಿಸಿ ನೋಡಿದರೇ ತಿಳಿಯುವುದು. ಲೆಕ್ಕ ತಪ್ಪಿದಾಗೆಲ್ಲ ಫ್ಯಾನಿನ ಬೊಬ್ಬೆ.

ಮಂಚದ ಕಡೆ ನೋಡಿದ. ಅವಳ ಬಾಯಿ ತುಸು ತೆರೆದಿತ್ತು, ಒಂದು ಕೈ ಮಂಚದಿಂದ ಜೋತುಬಿದ್ದಿತ್ತು. ಇಂಥ ನಿದ್ದೆಯಲ್ಲಿ ಅವಳನ್ನು ನೋಡಿ ಯಾವ ಕಾಲವಾಗಿತ್ತೋ. ಅವನು ಕೀಲಿಮಣೆಯಿಂದ ಕೈ ತೆಗೆದ.

ಸಂಜೆ ಅವಳು ಎದ್ದು, ಜಡೆ ಹಾಕಿಕೊಳ್ಳುತ್ತ ಪರದೆಯ ಮುಂದೆ ನಿಂತು, ಅಲ್ಲೇ ಉಳಿದಿದ್ದ ಪುಗಸಟ್ಟೆಯ ಸಾಲನ್ನು ಓದಿದಳು.

"ಅವನು ಕೂಸಾಗಿದ್ದಾಗ ನಾನೇ ತೂಗಿ ಮಲಗಿಸ್ತಿದ್ದೆ. ಈಗ ಋಣ ತೀರಿಸಿದ."

"ಅದೊಂದು ಚೂರು ಅವನದು ಕಣೇ. ಮಿಕ್ಕಿದ್ದೆಲ್ಲ ನಂದೇ."

"ಗೊತ್ತು ಬಿಡಿ," ಎಂದಳು ಅವಳು, ಚಪ್ಪಲಿ ಮೆಟ್ಟುತ್ತ. "ಅರಚಿದ್ದೆಲ್ಲ ನಿಮ್ದೇ."