ಪರದೆಯ ಮೂಲೆಯಲ್ಲಿದ್ದಾಕೆ

"ಲೇ ಡಿತಿರೊ, ನಿನ್ನ ಮೂಗಿ ಮಗಳ ಕೈ ಕಟ್ಟಾಕ್ತೀಯೊ, ಇಲ್ಲ ನಾನೇ ಬಂದು ಮುರ್ದಾಕ್ಲೊ? ಬೋಳಿಮಗಂದು, ದನ ನೀರಿಗೆ ಬಾಯಿ ಹಾಕ್ತಿಲ್ಲ, ಇದು ನಿಂತ್ಕಂಡು ದೆವ್ವ ಓಡುಸ್ತಾ ಅದೆ!"

ನಮ್ಮ ಧಣಿ ರ್ರಾ ಫುತೇಗೊ ಪಿಕಪ್ಪಿನ ಬಾಗಿಲಿಗೆ ಒರಗಿ ಕೂಗುತ್ತಿದ್ದ. ಬೋರ್‌ವೆಲ್ ಇಂಜಿನ್ನಿನ ಸದ್ದನ್ನೂ ಮೀರಿದ ದನಿ. ಅವನ ನೂರಿಪ್ಪತ್ತು ದನ ತೊಟ್ಟಿಯ ಸುತ್ತ ಧೂಳೆಬ್ಬಿಸಿ ತಳ್ಳಾಡುತ್ತಿದ್ದವು. ನನ್ನ ಗಂಡ ಡಿತಿರೊ ಬೆದರಿದ ಹೋರಿಯ ಕೊಂಬಿಗೆ ಜೋತುಬಿದ್ದಿದ್ದ. ಅವನ ಕೈಗೆ ಬಿಡುವಿರಲಿಲ್ಲ. ನಾನು ಬಕೆಟ್ಟು ಇಟ್ಟು ಓಡಿದೆ.

ನಮ್ಮ ಒರೇಡಿತ್ಸೆ, ನಮ್ಮ ರೇಡಿ, ತೊಟ್ಟಿಯ ಆಚೆ, ಗುಡಿಸಲಿಗೆ ಮುಖ ಮಾಡಿ ನಿಂತಿದ್ದಳು. ಒಂಬತ್ತು ವರ್ಷ. ಮುಷ್ಟಿ ಕಟ್ಟಿ ಎದೆಯ ಮೇಲೆ ಸುತ್ತಿಸುತ್ತಿದ್ದಳು, ಸುತ್ತಿಸುತ್ತಲೇ ಇದ್ದಳು. ತಪ್ಪಾಯಿತು, ತಪ್ಪಾಯಿತು, ತಪ್ಪಾಯಿತು. ಗುಡಿಸಲ ಪಕ್ಕ ಹಳೇ ಟೈರಿನ ಮೇಲೆ ಕೂರಿಸಿದ್ದ ಟಿವಿಯ ಡಿಶ್ಶಿಗೆ ಅವಳು ಕ್ಷಮೆ ಕೇಳುತ್ತಿದ್ದಳು. ಹನ್ನೊಂದು ದಿನದಿಂದ ಇದೇ ಆಗಿತ್ತು.

ನಾನು ಅವಳ ಎರಡೂ ಕೈ ಹಿಡಿದು ಕೆಳಗೆ ಒತ್ತಿದೆ. ಮಾತಾಡುತ್ತಿರುವ ಮಗುವಿನ ಬಾಯಿಯ ಮೇಲೆ ಅಂಗೈ ಇಟ್ಟ ಹಾಗಾಯಿತು.

"ಹಂಗೆ ಹಿಡ್ಕೊ" ಅಂದ ಧಣಿ. "ಬಡ್ಡೀ ಮಸಾರ್ವಾಗಳು, ಕಾಡುಜನ. ಟಿವಿ ಬೇರೆ ಕೊಟ್ಟೆ ನಿಮ್ಗೆ. ಕೋತಿಗೆ ಕನ್ನಡಿ ಕೊಟ್ಟಂಗಾಯ್ತು."

ಟಿವಿ ಕೊಟ್ಟಿದ್ದು ನಿಜ. ಅವನ ಮನೆಗೆ ಗೋಡೆಯಗಲದ ಹೊಸದು ಬಂದಾಗ ಹಳೆಯದನ್ನು, ಸೊಟ್ಟ ಡಿಶ್ಶನ್ನು, ಅದಕ್ಕೆ ಜೋಡಿಸುವ ಒಂದು ಅಗ್ಗದ ಡಬ್ಬಿಯನ್ನು ನಮ್ಮ ಹಟ್ಟಿಗೆ ತಂದು ಹಾಕಿದ್ದ. ಸಂಜೆ ಹೊತ್ತು ನಾವು ದನ ಬಿಟ್ಟು ಊರ ಕಡೆ ಹೆಂಡಕ್ಕೆ ಹೋಗಬಾರದು ಅಂತ. ಪಂಪಿನ ಮನೆಯ ದೀಪಕ್ಕಿದ್ದ ಸೋಲಾರ್ ಬ್ಯಾಟರಿಯಲ್ಲಿ ಎರಡು ತಾಸು ಓಡುತ್ತಿತ್ತು. ಗಡಿಯಾಚೆಯ ಸರ್ಕಾರಿ ಟಿವಿ ಪುಕ್ಕಟೆ ಬರುತ್ತಿತ್ತು. ಸಂಜೆಯ ವಾರ್ತೆ ಸೆತ್ಸ್ವಾನಾದಲ್ಲೇ, ನಮಗೆ ತಿಳಿಯುವ ಮಾತಿನಲ್ಲೇ. ಪರದೆಯ ಬಲಮೂಲೆಯಲ್ಲಿ ಒಂದು ಸಣ್ಣ ಚೌಕ. ಆ ಚೌಕದಲ್ಲಿ ಕಪ್ಪು ರವಿಕೆಯ ಒಬ್ಬಾಕೆ ನಿಂತು ವಾರ್ತೆಯನ್ನೆಲ್ಲ ಕೈಯಲ್ಲಿ ಹೇಳುತ್ತಿದ್ದಳು.

ಆಗ ರೇಡಿಗೆ ಆರು ವರ್ಷ. ಅಲ್ಲಿಯವರೆಗೆ ಅವಳಿಗಿದ್ದುದು ಅಳು, ನಗು, ಕಚ್ಚುವುದು, ಬೆರಳು ತೋರುವುದು. ಕಿವುಡರ ಶಾಲೆ ಒಂದು ಹಗಲು ಒಂದು ರಾತ್ರಿ ಬಸ್ಸಿನ ದೂರ. ಸೇರಿಸಲು ಹುಟ್ಟಿದ ಕಾಗದ ಬೇಕು. ನಮ್ಮ ಮೂವರಲ್ಲಿ ಯಾರಿಗೂ ಅದಿಲ್ಲ. ಆ ಸಂಜೆ ಅವಳು ಅಂಬಲಿಯ ತಟ್ಟೆ ಹಿಡಿದು ಪರದೆಯ ಹತ್ತಿರ ಹೋದವಳು ಹಾಗೇ ನಿಂತುಬಿಟ್ಟಳು. ಅಂಬಲಿ ಆರಿ ಕೆನೆಗಟ್ಟಿತು. ಅವಳ ಬೆರಳು ಅಲುಗಲು ಶುರುವಾಯಿತು.

ಅಂದಿನಿಂದ ನಾನು ಕಿವಿಯಲ್ಲಿ ಕೇಳುತ್ತಿದ್ದೆ, ಅವಳು ಕಣ್ಣಲ್ಲಿ ಹಿಡಿಯುತ್ತಿದ್ದಳು, ಇಬ್ಬರೂ ಸೇರಿ ಹೊಂದಿಸುತ್ತಿದ್ದೆವು. ವಾರ್ತೆಯಿಂದ ಕಲಿತ ಮಾತಾದ್ದರಿಂದ ನನ್ನ ಮಗಳಿಗೆ ಮೇಕೆ ಎನ್ನುವ ಮೊದಲೇ ಮಂತ್ರಿ ಬಂತು, ಹಾಲಿಗಿಂತ ಮೊದಲು ಮುಷ್ಕರ ಬಂತು. ಮಳೆ, ಸಾವು, ಪೊಲೀಸು, ಜೈಲು, ಡಾಕ್ಟರು. ಕೆಲಸ ಹೇಳಿದರೆ "ಮುಷ್ಕರ" ಅಂದು ಕೂತುಬಿಡುತ್ತಿದ್ದಳು. ರ್ರಾ ಫುತೇಗೊನ ಪಿಕಪ್ಪು ದೂರದಲ್ಲಿ ಕಂಡರೆ "ಮಂತ್ರಿ ಬಂದ" ಅನ್ನುತ್ತಿದ್ದಳು, ಕೈಯಲ್ಲೇ ಅವನ ಹೊಟ್ಟೆಯನ್ನೂ ಬರೆದು. ಡಿತಿರೊ ನಕ್ಕು ನಕ್ಕು ಕೆಮ್ಮುತ್ತಿದ್ದ. ಅವನು ಕಲಿತದ್ದು ಎಂಟು ಮಾತು. ಅದರಲ್ಲಿ ಒಂದು "ನನ್ನ ಮಗಳು."

ವಾರ್ತೆ ಮುಗಿಯುವಾಗ ಆಕೆ ಹೆಬ್ಬೆರಳನ್ನು ಕೆನ್ನೆಗೆ ತಾಗಿಸಿ ಮುಂದಕ್ಕೆ ಚಾಚುತ್ತಿದ್ದಳು: ನಾಳೆ. ರೇಡಿಯೂ ಹೆಬ್ಬೆರಳು ಚಾಚಿ ನಾಳೆ ಅನ್ನುತ್ತಿದ್ದಳು. ಇವಳು ಹೇಳಿದ್ದು ಆಕೆಗೆ ಕಾಣುತ್ತದೆ ಅಂತಲೇ ಅವಳ ನಂಬಿಕೆ. ಅಲ್ಲ ಅನ್ನಲು ನನಗೆ ಮನಸ್ಸಾಗಲಿಲ್ಲ. ಮೂರು ವರ್ಷ ಇವಳು ನಾಳೆ ಅಂದಳು, ಮೂರು ವರ್ಷ ಆಕೆ ಬಂದಳು.

ಹನ್ನೆರಡು ದಿನದ ಹಿಂದೆ ರೇಡಿ ಹಾಲಿನ ಕೊಡ ಉರುಳಿಸಿದಳು. ನಾನು ಬೆನ್ನಿಗೆ ಎರಡು ಬಿಗಿದೆ. ಆ ಸಂಜೆ ಅವಳು ಮುನಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಕೈಯಲ್ಲಿ ಮಾತಾಡುವವರಿಗೆ ಬೆನ್ನು ತಿರುಗಿಸುವುದಕ್ಕಿಂತ ದೊಡ್ಡ ಬೈಗುಳವಿಲ್ಲ. ಮೂಲೆಯಲ್ಲಿದ್ದಾಕೆ ನಾಳೆ ಅಂದಳು. ಇವಳು ತಿರುಗಲಿಲ್ಲ.

ಮರುದಿನ ಪರದೆ ಕಪ್ಪಗಿತ್ತು.

ಡಿತಿರೊ ಡಿಶ್ಶನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ, ಟೈರಿನ ಕೆಳಗೆ ಕಲ್ಲಿಟ್ಟ. ಶನಿವಾರ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಗಾನ್ಜಿ ಪೇಟೆಗೆ ಹೋಗಿ ಬಂದ. ಅಂಗಡಿಯವನು ಹೇಳಿದ್ದನ್ನು ಅವನದೇ ದನಿಯಲ್ಲಿ ನನಗೆ ಒಪ್ಪಿಸಿದ.

"ಡಬ್ಬಿ ನೆಟ್ಟಗೈತೆ ಕಣಣ್ಣ, ಆಕಡೆಯೋರು ಬೀಗ ಹಾಕವ್ರೆ ಅಂದ. ಎಲ್ಲಿಗೆ ಬೀಗ ಅಂದೆ. ಆಕಾಸಕ್ಕೆ ಅಂದ. ಅವರ ಟಿವಿನ ಅವರ ದೇಸದೋರು ಮಾತ್ರ ನೋಡ್ಬೇಕಂತೆ. ಇನ್ಯಾವ್ದೋ ಕಂಪ್ನಿ ಕೋರ್ಟಿಗೋಗಿತ್ತಂತೆ, ಗಡಿಯಿಂದಾಚೆ ಪುಕ್ಸಟ್ಟೆ ನೋಡ್ತಾವ್ರೆ, ನಮಗೆ ಲಾಸು ಅಂತ. ದೊಡ್ಡ ಡಬ್ಬಿ ತಗಂಡು ತಿಂಗಳು ತಿಂಗಳು ಕಟ್ಟಿದ್ರೆ ಮಾತ್ರ ಬತ್ತದಂತೆ."

"ನಾವೇನ್ ಕದ್ದು ನೋಡ್ತಿದ್ವಾ?"

"ನಾನೂ ಅದ್ನೇ ಕೇಳ್ದೆ. ನೀನಲ್ಲಣ್ಣ, ನಿನ್ ಡಬ್ಬಿ ಕದೀತಿತ್ತು ಅಂದು ನಕ್ಕ ನನ್ಮಗ." ಡಿತಿರೊ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಧೂಳು ಒರೆಸಿದ. "ನಮ್ ಕೂಸು ಕಲ್ತಿದ್ದೆಲ್ಲಾ ಕಳ್ ಮಾಲಂತೆ ಕಣೆ."

ಇದನ್ನು ರೇಡಿಗೆ ಹೇಗೆ ಹೇಳಲಿ? ಕಂಪನಿ, ಗಡಿ, ಲಾಸು, ಇದಕ್ಕೆಲ್ಲ ನನ್ನ ಕೈಯಲ್ಲಿ ಮಾತಿರಲಿಲ್ಲ. ಆಕೆ ಇದ್ದಿದ್ದರೆ ಆಕೆಯೇ ಕಲಿಸುತ್ತಿದ್ದಳು. ಪಂಪಿನ ಮನೆಯ ಬೀಗ ತೋರಿಸಿದೆ, ಪರದೆ ತೋರಿಸಿದೆ, ಕೀಲಿ ತಿರುವಿದ ಹಾಗೆ ಮಾಡಿದೆ. ರೇಡಿ ನೋಡಿದಳು. ಎರಡೂ ಕೈಯ ಬೆರಳನ್ನು ಅಡ್ಡಡ್ಡ ಹೆಣೆದು ಕಂಬಿ ಮಾಡಿ ಕೇಳಿದಳು: ಜೈಲಾ?

ಅಲ್ಲ ಅಂದೆ. ಅವಳು ನಂಬಲಿಲ್ಲ. ನಾನು ನಾಳೆ ಅನ್ನಲಿಲ್ಲ, ಅದಕ್ಕೆ ಜೈಲು, ಅಂದಳು. ಪರದೆ ಕಪ್ಪಾದಂದಿನಿಂದ ಎದೆಯ ಮೇಲೆ ಸುತ್ತುತ್ತಿದ್ದ ಮುಷ್ಟಿ ಆಮೇಲೆ ನಿಲ್ಲಲೇ ಇಲ್ಲ. ಊಟಕ್ಕೆ ಕೂತಾಗ, ಮೇಕೆ ಹೊಡೆಯುವಾಗ, ನಿದ್ದೆಯಲ್ಲಿ ಕೂಡ. ಎದೆಯ ಚರ್ಮ ಕೆಂಪಗೆ ತರಚಿತ್ತು. ಬೇರೆ ಮಾತು ಒಂದೊಂದಾಗಿ ನಿಂತವು. ಮಂತ್ರಿ ಬಂದರೂ ಮಂತ್ರಿ ಅನ್ನಲಿಲ್ಲ.

ತೊಟ್ಟಿಯ ಹತ್ತಿರ ಬೈಸಿಕೊಂಡ ಮಧ್ಯಾಹ್ನವೇ ಅವಳನ್ನು ಕರೆದುಕೊಂಡು ಊರಿಗೆ ಹೊರಟೆ. ಧಣಿಯ ಮನೆಯಲ್ಲಿ ದೊಡ್ಡ ಡಬ್ಬಿ ಇದೆ, ತಿಂಗಳು ತಿಂಗಳು ಕಟ್ಟುತ್ತಾರೆ. ಆಕೆ ಜೈಲಿನಲ್ಲಿಲ್ಲ ಅಂತ ಒಂದು ಸಲ ಇವಳ ಕಣ್ಣಿಗೆ ಬಿದ್ದರೆ ಸಾಕು. ಮೂರು ತಾಸಿನ ಮರಳು ದಾರಿ.

ಧಣಿಯ ಹೆಂಡತಿ ಮ್ಮಾ ಫುತೇಗೊ ಬಾಗಿಲಲ್ಲೇ ತಡೆದಳು.

"ಏನೇ, ದನ ಬಿಟ್ಟು ಬಂದಿದೀಯಾ?"

"ದನ ನಮ್ಮವ್ರು ನೋಡ್ಕತಾವ್ರೆ ಮ್ಮಾ. ಕೂಸ್ಗೆ ಒಂದರ್ಧ ಗಂಟೆ ವಾರ್ತೆ ತೋರ್ಸಿ. ಮೂಲೇಲಿ ಒಬ್ರು ಕೈಯಾಡುಸ್ತಾರಲ್ಲ, ಅವ್ರನ್ನ ನೋಡ್ಬೇಕಂತೆ."

"ವಾರ್ತೆನಾ?" ಅವಳು ಒಳಗೆ ತಿರುಗಿ ಕೂಗಿದಳು, "ಕೇಳಿದ್ರಾ? ನಮ್ ಹಟ್ಟಿಯೋರ್ಗೆ ದೇಸದ ಚಿಂತೆ ಹತ್ಕಂಡದೆ!" ಒಳಗೆ ನಗು. "ಒಳಗ್ ಬರ್ಬೇಡ ಮಾರಾಯ್ತಿ, ನಿಮ್ ಹೊಗೆ ವಾಸ್ನೆ ಸೋಫಾಗೆ ಹತ್ತಿದ್ರೆ ವಾರ ಹೋಗಲ್ಲ. ಕಿಟಕಿ ಹತ್ರ ನಿಲ್ಸು. ಅಷ್ಟ್ರಲ್ಲಿ ಆ ಕಂಬಳಿ ಒಗ್ದಾಕು."

ನಾನು ಕಂಬಳಿ ಒಗೆದೆ. ರೇಡಿ ಕಿಟಕಿಯ ಹೊರಗೆ ಕಲ್ಲಿನ ಮೇಲೆ ಹತ್ತಿ ನಿಂತಳು. ಬಿಸಿಲು ಇಳಿಯುತ್ತಿದ್ದಾಗ ವಾರ್ತೆ ಶುರುವಾಯಿತು. ನನಗೆ ಪರದೆ ಕಾಣುತ್ತಿರಲಿಲ್ಲ, ಮಗಳ ಬೆನ್ನು ಕಾಣುತ್ತಿತ್ತು. ಅದು ಒಮ್ಮೆ ಜಗ್ಗಿತು. ಆಮೇಲೆ ಎರಡೂ ಕೈ ಹಕ್ಕಿ ಬಿಟ್ಟ ಹಾಗೆ ಮೇಲೆದ್ದವು. ಹನ್ನೊಂದು ದಿನ ಕಟ್ಟಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಬರುತ್ತಿತ್ತು: ಜೈಲು ಇಲ್ಲ, ನೀನು, ನಾನು, ತಪ್ಪಾಯಿತು, ಹಾಲು, ಅವ್ವ ಹೊಡೆದಳು, ನೋಡು, ನನ್ನನ್ನು ನೋಡು.

ಒಳಗೆ ಧಣಿಯ ಮಕ್ಕಳು ಸೋಫಾದ ಮೇಲೆ ನಿಂತು ಅವಳ ಹಾಗೇ ಕೈ ತಿರುವಿ ಅಣಕಿಸಿದರು. ಆಮೇಲೆ ಒಬ್ಬ ಬಂದು ಪರದೆಗೆ ಅಡ್ಡ ನಿಂತ. ಪಕ್ಕಕ್ಕೆ ಸರಿ ಅಂತ ರೇಡಿ ಗಾಜು ತಟ್ಟಿದಳು. ಅವನು ಸರಿಯಲಿಲ್ಲ. ಅವಳು ಮುಷ್ಟಿಯಿಂದ ಗುದ್ದಿದಳು.

ಗಾಜು ಒಡೆದ ಸದ್ದು ಅವಳಿಗೊಬ್ಬಳಿಗೇ ಕೇಳಲಿಲ್ಲ.

ರ್ರಾ ಫುತೇಗೊ ಊಟದ ಕೈಯಲ್ಲೇ ಹೊರಗೆ ಬಂದ. ನಾನು ಓಡಿಹೋಗಿ ಮಗಳನ್ನು ಕಲ್ಲಿನಿಂದ ಇಳಿಸಿದೆ. ಬೆರಳ ಗೆಣ್ಣಿನಿಂದ ರಕ್ತ ಇಳಿಯುತ್ತಿತ್ತು.

"ಸೂಳೇಮಕ್ಳಾ! ಕಾಡಲ್ಲಿ ಬೇರು ಅಗೆಯೋರ್ನ ತಂದು ಅನ್ನ ಹಾಕಿದ್ದು ನನ್ ತಪ್ಪು. ಕೇಳ್ಸು, ಕ್ಷಮೆ ಕೇಳ್ಸು ಆ ಮೂಗಿ ಕೈಲಿ."

"ಗಾಯ ಆಗದೆ ರ್ರಾ, ನಾನು ಕೇಳ್ತೀನಿ..."

"ನೀನಲ್ವೆ, ಅದು! ಅದ್ಕೆ ಗೊತ್ತಲ್ಲ, ಎದೆ ತಿಕ್ಕೊಳ್ಳೋದು. ಬೆಳಗ್ಗಿಂದ ನನ್ ದನಕ್ಕೆಲ್ಲ ಕೇಳ್ತಿತ್ತು. ಈಗ ನನ್ ಮುಂದೆ ಕೇಳ್ಲಿ. ಇಲ್ಲಾಂದ್ರೆ ನಾಳೆ ಹೊತ್ತು ಹುಟ್ಟೋದ್ರೊಳಗೆ ಹಟ್ಟಿ ಖಾಲಿ ಮಾಡಿ ಮೂರೂ ಜನ ತೊಲಗಿ."

ಅವನು ತನ್ನ ಎದೆಯ ಮೇಲೆ ಮುಷ್ಟಿ ಸುತ್ತಿಸಿ ತೋರಿಸಿದ. ಹೆಂಡತಿ ಮಕ್ಕಳು ಬಾಗಿಲಲ್ಲಿ ನಗುತ್ತಿದ್ದರು. ಮೊದಲ ಸಲ ನಮ್ಮಿಬ್ಬರನ್ನು ಬಿಟ್ಟು ಇನ್ನೊಬ್ಬರು ಎದುರು ನಿಂತು ತನಗೆ ಕೈಯಲ್ಲಿ ಮಾತಾಡಿದ್ದು ಕಂಡು ರೇಡಿ ಅವನನ್ನೇ ನೋಡಿದಳು. ಅವಳ ರಕ್ತದ ಮುಷ್ಟಿ ಎದೆಗೆ ಬಂತು.

ನಾನು ಆ ಕೈ ಹಿಡಿದೆ. ಇನ್ನೊಂದನ್ನೂ ಹಿಡಿದೆ. ಕೆಳಗೆ ಒತ್ತಿ ಹಿಡಿದೆ.

"ಬಿಡೇ ಅದ್ರ ಕೈ."

"ಇಲ್ಲ ರ್ರಾ."

"ಏನಂದೆ?"

"ಕೇಳಲ್ಲ ಅಂದೆ. ನಿಮ್ಗೆ ನನ್ ಮಗಳು ಕ್ಷಮೆ ಕೇಳಲ್ಲ."

ನಗು ನಿಂತಿತು. ಇಪ್ಪತ್ತು ವರ್ಷದಲ್ಲಿ ಅವನಿಗೆ ನಾನು ಇಲ್ಲ ಅಂದದ್ದು ಅದೇ ಮೊದಲು. ಅವನ ಬಾಯಿ ತೆರೆದೇ ಇತ್ತು, ತುಟಿಯಲ್ಲಿ ಎಣ್ಣೆ ಹೊಳೆಯುತ್ತಿತ್ತು.

ಆಗ ನನ್ನ ಹಿಡಿತದೊಳಗೆ ರೇಡಿಯ ಕೈ ಬಡಿದಾಡಿತು. ಅವಳು ಧಣಿಯನ್ನು ನೋಡುತ್ತಿರಲಿಲ್ಲ. ಅವನ ಹೆಗಲಿನಾಚೆ, ಒಡೆದ ಗಾಜಿನಾಚೆ ನೋಡುತ್ತಿದ್ದಳು. ಅಡ್ಡ ನಿಂತಿದ್ದ ಹುಡುಗ ಬಾಗಿಲಿಗೆ ಬಂದುಬಿಟ್ಟಿದ್ದ. ಪರದೆ ಪೂರ್ತಿ ಕಾಣುತ್ತಿತ್ತು. ವಾರ್ತೆ ಮುಗಿಯುತ್ತಿತ್ತು. ಮೂಲೆಯಲ್ಲಿದ್ದಾಕೆ ಹೆಬ್ಬೆರಳನ್ನು ಕೆನ್ನೆಗೆ ತಾಗಿಸಿ, ನೇರ ನಮ್ಮ ಕಡೆಗೆ ನೋಡಿ, ಮುಂದಕ್ಕೆ ಚಾಚಿದಳು.

ರೇಡಿ ನನ್ನ ಮೊಣಕೈ ಕಚ್ಚಿದಳು. ಮೈಯೆಲ್ಲ ಸೆಟೆದು ಕೈ ಎಳೆದಳು. ಬಿಟ್ಟರೆ ಮೊದಲು ಯಾವ ಮಾತು ಬರುತ್ತದೋ, ನಾಳೆಯ ಹೆಬ್ಬೆರಳೋ ತಪ್ಪಾಯಿತಿನ ಮುಷ್ಟಿಯೋ, ನನಗೆ ಗೊತ್ತಿರಲಿಲ್ಲ. ಮುಷ್ಟಿ ಬಂದರೆ ಅದು ತನಗೇ ಅಂತ ಅವನು ಎದುರಿಗೇ ನಿಂತು ಕಾಯುತ್ತಿದ್ದ.

ನಾನು ಬಿಡಲಿಲ್ಲ. ಪರದೆಯಲ್ಲಿ ಆಕೆಯ ಹೆಬ್ಬೆರಳು ಇನ್ನೂ ಚಾಚಿಯೇ ಇತ್ತು.