ಭಾನುವಾರಕ್ಕೊಂದು ಕ್ರಿಯಾಪದ

“ಈ ಭಾನುವಾರ ಮಗಳನ್ನ ಕರ್ಕೊಂಡು ಬಂದು ಬಿಡ್ತೀನಿ. ಆಮೇಲೂ ಬರಲ್ಲ ಅಂತ ಹಟ ಮಾಡಿದ್ರೆ ನಾನು ಬಲವಂತ ಮಾಡಲ್ಲ,” ಎಂದಳು ಮಗಳ ತಾಯಿ, ಅಂಗಡಿಯ ಹೊಸ್ತಿಲಾಚೆಯೇ ನಿಂತು. “ನಂಗೆ ನಿಮ್ಮ ಮೇಲೆ ಕೋಪ ಇಲ್ಲ ರೀ. ಅಪ್ಪ ಮಾತೇ ಆಡಲ್ಲ ಅಂತಾಳೆ. ಏಳು ವರ್ಷದ ಮಗು, ನಿಮ್ಮ ಮುಖ ನೋಡ್ಕೊಂಡು ಎಷ್ಟು ಹೊತ್ತು ಅಂತ ಕೂತ್ಕೊಳುತ್ತೆ?”

ಗಂಡ ಹೆಂಡತಿ ಬೇರೆಯಾಗಿ ಮೂರು ವರ್ಷವಾಗಿತ್ತು. ಆ ‘ರೀ’ ಮಾತ್ರ ಇನ್ನೂ ವಿಚ್ಛೇದನ ಪಡೆದಿರಲಿಲ್ಲ. ಅವನು ಸುಮ್ಮನೆ ತಲೆಯಾಡಿಸಿದ. ಬಾಯಿ ತುಂಬ ಮೊಳೆಗಳಿದ್ದವು. ಹಳೇ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವವರ ರೂಢಿಯೇ ಅದು; ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದನ್ನೇ ತೆಗೆದು ಹೊಡೆಯುತ್ತಾರೆ. ಇವನಿಗೆ ದೇವರು ಬಾಯಿ ಕೊಟ್ಟದ್ದೇ ಅದಕ್ಕೆ ಎಂದು ಬೀದಿಯವರು ನಗುತ್ತಿದ್ದರು.

ಅಸಲು ತೊಂದರೆ ಬೇರೆ. ತಾಯಿಗೆ ಆಸ್ಪತ್ರೆಯಲ್ಲಿ ಪಾಳಿಯ ಕೆಲಸವಾದ್ದರಿಂದ ಮಗಳು ದೊಡ್ಡಮ್ಮನ ಮನೆಯಲ್ಲಿ ಬೆಳೆಯುತ್ತಿದ್ದಳು. ಆ ಮನೆಯಲ್ಲಿ ಕೂತರೂ ನಿಂತರೂ ಇಂಗ್ಲಿಷು, ಶಾಲೆಯಲ್ಲೂ ಇಂಗ್ಲಿಷು. ಹಿಂದೆ ‘ಅಪ್ಪ, ಎತ್ಕೋ’ ಎನ್ನುತ್ತಿದ್ದ ಹುಡುಗಿ ಆ ಮಾತುಗಳನ್ನೆಲ್ಲ ಚಿಕ್ಕದಾದ ಫ್ರಾಕಿನ ಹಾಗೆ ಬಿಟ್ಟುಬಿಟ್ಟಿದ್ದಳು. ಇವನ ಇಂಗ್ಲಿಷೋ, ಫೋಮು, ಸ್ಪ್ರಿಂಗು, ಲೆದರು ದಾಟಿ ಮುಂದೆ ಹೋಗಿರಲಿಲ್ಲ. ತಪ್ಪು ಮಾತಾಡಿ ಮಗಳೆದುರು ನಗೆಪಾಟಲಾಗುವುದಕ್ಕಿಂತ ಸುಮ್ಮನಿರುವುದೇ ಮರ್ಯಾದೆ ಎಂದುಕೊಂಡಿದ್ದ. ಪಾಪ, ಆ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಈಗ ಮಗಳೇ ಕೈತಪ್ಪುವ ಹಾಗಾಗಿತ್ತು.

ಅಂದು ಸಂಜೆ ಮಹಡಿಯ ಮೇಲಿನ ಟೈಪಿಸ್ಟಮ್ಮನ ಬಾಗಿಲು ತಟ್ಟಿದ. ವಕೀಲರ ಕಚೇರಿಯಲ್ಲಿ ಆಯುಷ್ಯವಿಡೀ ಟೈಪು ಹೊಡೆದು ನಿವೃತ್ತಳಾದಾಕೆ. ಸಂಕೋಚದಿಂದ ವಿಷಯ ಹೇಳಿದ.

“ಭಾನುವಾರದೊಳಗೆ ಇಂಗ್ಲಿಷಾ?” ಆಕೆ ಕನ್ನಡಕ ಹಣೆಗೇರಿಸಿದಳು. “ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕೆ ಬಂದಿದೀಯಲ್ಲಪ್ಪ. ಒಂದು ಕೆಲಸ ಮಾಡು. ಮಿಕ್ಕಿದ್ದೆಲ್ಲ ಬಿಟ್ಟು ‘ಗೆಟ್’ ಅನ್ನೋದೊಂದನ್ನ ಹಿಡ್ಕೋ. ಆ ಭಾಷೇಲಿ ಅದು ಮನೆಯ ಹಿರೀ ಸೊಸೆ ಇದ್ದ ಹಾಗೆ. ಎಲ್ಲರ ಕೆಲಸಾನೂ ಅದರ ತಲೆ ಮೇಲೇ.”

ಪಾಠ ಶುರುವಾಯಿತು. ಸಿಕ್ಕಿದರೂ ಗೆಟ್, ತಂದರೂ ಗೆಟ್. ಹಾಸಿಗೆಯಿಂದ ಎದ್ದರೆ ಗೆಟ್ ಅಪ್, ಕುರ್ಚಿಯಿಂದ ಇಳಿದರೆ ಗೆಟ್ ಡೌನ್, ಮನೆ ಸೇರಿದರೆ ಗೆಟ್ ಹೋಮ್. ಹಸಿವಾಗಲಿ, ಕೋಪ ಬರಲಿ, ಬಟ್ಟೆ ನೆನೆಯಲಿ, ನೆಗಡಿ ಹಿಡಿಯಲಿ, ಎಲ್ಲಕ್ಕೂ ಅದೇ. ಹೇಳಿದ್ದು ಅರ್ಥವಾದರೂ ಅದೇ. ಮದುವೆಯಾದರೂ ಅದೇ.

“ಮದುವೆ ಮುರಿದ್ರೆ?” ಎಂದು ಕೇಳಿದ.

“ಅದಕ್ಕೂ ಅದೇ,” ಎಂದಳು ಟೈಪಿಸ್ಟಮ್ಮ, ಸ್ವಲ್ಪ ಮೆತ್ತಗೆ. “ಹೂಂ, ಮೊದಲಿಂದ ಇನ್ನೊಂದ್ಸಲ ಹೇಳು.”

ವಾರವೆಲ್ಲ ಸುತ್ತಿಗೆಯ ಪೆಟ್ಟಿಗೊಂದರಂತೆ ಗೆಟ್ ಉರು ಹೊಡೆದ. ಭಾನುವಾರ ತಾಯಿ ಮಗಳನ್ನು ಬಿಟ್ಟುಹೋದಳು. ಮಗಳು ಸ್ಟೂಲಿನ ತುದಿಯಲ್ಲಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಳು.

ಅವನು ಗಂಟಲು ಸರಿಮಾಡಿಕೊಂಡ. “ಗೆಟ್ ಹಂಗ್ರಿ?”

ಮಗಳು ಹುಬ್ಬೇರಿಸಿದಳು. “ನೋ.”

“ಗೆಟ್ ಹಾಟ್?” ಎಂದು ಫ್ಯಾನು ತೋರಿಸಿದ.

“ನೋ.”

“ಗೆಟ್... ಟಯರ್ಡ್?”

“ನೋ, ಅಪ್ಪ.”

ವಾರವಿಡೀ ಕೂಡಿಹಾಕಿದ್ದು ಸ್ವಲ್ಪ ಹೊತ್ತಿನಲ್ಲೇ ಖಾಲಿಯಾಯಿತು. ಅವಳು ಕಾಲು ಆಡಿಸುತ್ತ ಬಾಗಿಲ ಕಡೆ ನೋಡತೊಡಗಿದಳು. ಏನು ಮಾಡುವುದೆಂದು ತೋಚದೆ, ಅಭ್ಯಾಸಬಲದಿಂದ ಒಂದಿಷ್ಟು ಮೊಳೆ ಬಾಯಿಗಿಟ್ಟುಕೊಂಡು, ಅರ್ಧ ಬಿಚ್ಚಿದ್ದ ಸೋಫಾದ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

ಸ್ಟೂಲು ಸರಿದ ಸದ್ದಾಯಿತು. ಮಗಳು ಬಂದು ಪಕ್ಕದಲ್ಲಿ ನಿಂತು ಅವನ ಬಾಯಿಯತ್ತ ಬೆರಳು ಮಾಡಿದಳು. “ಗೆಟ್ ದೆಮ್ ಔಟ್.” ಗದರಿದ್ದು ಥೇಟ್ ಅವಳ ಅಮ್ಮನ ಹಾಗೆಯೇ. ಅವನು ಮೊಳೆಗಳನ್ನು ಅಂಗೈಗೆ ಉಗಿದ.

“ನೌ ಟಾಕ್,” ಎಂದಳು.

ಸೋಫಾದ ಸೀಟಿನ ಸಂದಿಯೊಳಗೆ ಕೈ ತೂರಿಸಿ ತೋರಿಸಿದ. “ಗೆಟ್ ಇನ್. ಕೈ ಹಾಕು ಪುಟ್ಟಿ, ನೋಡು. ಏನೇನೋ... ಗೆಟ್.”

ಜನ ಕೂತು ಎದ್ದ ಸೋಫಾದ ಹೊಟ್ಟೆಯಲ್ಲಿ ಏನುಂಟು ಏನಿಲ್ಲ. ಮಗಳು ಬ್ಯಾಗು ನೆಲಕ್ಕಿಟ್ಟು, ಭುಜದವರೆಗೂ ತೋಳು ಇಳಿಸಿದಳು. “ಐ ಗಾಟ್ ಎ ಬಟನ್.”

“ಗುಂಡಿ,” ಎಂದ ಅವನು.

“ಐ ಗಾಟ್ ಎ ಕೋಮ್.”

“ಬಾಚಣಿಗೆ.”

“ಬಾಚಣ್ಗೆ,” ಎಂದು ಅವಳು ಬಾಯಲ್ಲಿ ಹೊರಳಿಸಿ ನೋಡಿದಳು. ಆಮೇಲೆ ಅವನ ಸರದಿ. ಒಂದು ಕಾಲಿಲ್ಲದ ಪ್ಲಾಸ್ಟಿಕ್ ಕುದುರೆ ಕೈಗೆ ಬಂತು. ಕುದುರೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂಬುದು ಆ ಗಳಿಗೆಯಲ್ಲಿ ತಲೆಯಿಂದ ಹಾರಿಹೋಯಿತು. “ಐ ಗಾಟ್ ಎ ಕುದುರೆ,” ಎಂದ.

ಮಗಳು ನಕ್ಕಳು. ನಕ್ಕು ನಕ್ಕು ನೆಲದ ಮೇಲೆ ಕೂತಳು. “ಯು ಗಾಟ್ ಎ ಕುದುರೆ, ಅಪ್ಪ,” ಎಂದು ಮತ್ತೆ ನಕ್ಕಳು. ಅವನೂ ನಕ್ಕ. ಮಗಳ ಮುಂದೆ ನಗೆಪಾಟಲಾಗುವುದರಲ್ಲಿ ಇಷ್ಟು ಸುಖವಿದೆ ಎಂದು ಇದುವರೆಗೆ ಯಾರೂ ಅವನಿಗೆ ಹೇಳಿರಲಿಲ್ಲ. ಇಬ್ಬರೂ ಸೇರಿ ಸಂಜೆಯವರೆಗೂ ಆ ಸೋಫಾವನ್ನು ಗೋರಿದರು. ಅವಳ ಮೊಣಕೈಗೆಲ್ಲ ಹತ್ತಿ ಅಂಟಿಕೊಂಡಿತ್ತು.

ಹೊರಗೆ ತಾಯಿಯ ಸ್ಕೂಟರಿನ ಹಾರ್ನ್ ಕೇಳಿಸಿತು. ಮಗಳು ಬ್ಯಾಗು ಏರಿಸಿ ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ತಲೆಯಿಂದ ಹಸಿರು ಕ್ಲಿಪ್ಪೊಂದನ್ನು ಕಿತ್ತು, ಸೋಫಾದೊಳಗೆ ಕೈಗೆಟಕುವಷ್ಟೂ ಆಳಕ್ಕೆ ತಳ್ಳಿದಳು.

“ಡೋಂಟ್ ಸ್ಟಿಚ್ ಇಟ್,” ಎಂದು ಎಚ್ಚರಿಸಿದಳು. “ನೆಕ್ಸ್ಟ್ ಸಂಡೇ ಐ ವಿಲ್ ಗೆಟ್ ಇಟ್. ಮೀ. ನಾಟ್ ಯು.”

ಒಂದೊಂದು ಮಾತೂ ಅವನಿಗೆ ಅರ್ಥವಾಯಿತು.

ಮರುದಿನ ಸೋಫಾದ ಯಜಮಾನರ ಫೋನು ಬಂತು. “ಇವತ್ತು ಕಳಿಸ್ತೀನಿ ಅಂದಿದ್ರಲ್ಲ?”

“ಇಲ್ಲ ಸರ್, ಇನ್ನೊಂದು ವಾರ ಆಗುತ್ತೆ.”

“ಯಾಕ್ರೀ, ಏನು ತೊಂದ್ರೆ?”

“ತೊಂದ್ರೆ ಏನಿಲ್ಲ ಸರ್. ಒಳಗಡೆ ಸ್ವಲ್ಪ ಕೆಲಸ ಬಾಕಿ ಇದೆ.”

ಫೋನಿಟ್ಟು, ಒಗೆದ ಬೆಡ್‌ಶೀಟೊಂದನ್ನು ತಂದು ಸೋಫಾಕ್ಕೆ ಹೊದಿಸಿದ. ಆ ವಾರ ಅದರ ಮೇಲೆ ಯಾರನ್ನೂ ಕೂರಲು ಬಿಡಲಿಲ್ಲ.