ನಾಲ್ಕನೇ ಪೆಟ್ಟಿಗೆ

ಆಸ್ಪತ್ರೆಯವರೆಲ್ಲ ಅವನನ್ನು ಚಡಪಡಿ ಎಂದೇ ಕರೆಯುತ್ತಿದ್ದರು. ಅಲ್ಲಿನ ಕಂಪ್ಯೂಟರು, ವೈಫೈ ಎಲ್ಲ ಅವನ ಉಸ್ತುವಾರಿ. ಕೆಲಸ ಚೆನ್ನಾಗಿಯೇ ಬರುತ್ತಿತ್ತು, ಸುಮ್ಮನೆ ಕೂರುವುದೊಂದು ಬರುತ್ತಿರಲಿಲ್ಲ. ಒಂದು ಕೆಲಸ ಅರ್ಧಕ್ಕೆ ಬರುವಷ್ಟರಲ್ಲಿ ಇನ್ನೊಂದಕ್ಕೆ ಕೈ ಹಾಕಿರುತ್ತಿದ್ದ. ಕೂತರೆ ಮೊಣಕಾಲು ಕುಣಿಯುತ್ತಿತ್ತು, ಮೊಣಕಾಲಿನ ಜೊತೆಗೆ ಮೇಜು, ಮೇಜಿನ ಜೊತೆಗೆ ಎದುರಿಗಿದ್ದವರ ಕಾಫಿ.

ಆದರೆ ಆ ಸೋಮವಾರದ ಚಡಪಡಿಕೆಗೆ ತಕ್ಕ ಕಾರಣವಿತ್ತು. ಮಧ್ಯಾಹ್ನ ಮೂರಕ್ಕೆ ಅವನ ಅಕ್ಕನ ವಿಚಾರಣೆ.

ಅಕ್ಕ ಎರಡನೇ ಮಹಡಿಯ ವಾರ್ಡಿನ ಹಿರಿಯ ನರ್ಸ್. ಹನ್ನೊಂದು ದಿನದ ಹಿಂದೆ, ಗುರುವಾರ, ಏಳನೇ ಹಾಸಿಗೆಯ ಅಜ್ಜನ ಎದೆಬಡಿತ ಇಳಿದು ಪ್ರಜ್ಞೆ ತಪ್ಪಿತ್ತು. ಹಾಗಾದಾಗ ಹಾಸಿಗೆ ಪಕ್ಕದ ಮಾನಿಟರು ವೈಫೈ ಮೂಲಕ ನರ್ಸುಗಳ ಮೇಜಿಗೆ ಸುದ್ದಿ ಮುಟ್ಟಿಸಬೇಕು, ಮೇಜಿನ ಮೇಲೆ ಅಲಾರಂ ಹೊಡೆಯಬೇಕು. ಹೊಡೆಯಲಿಲ್ಲ. ಆರು ನಿಮಿಷದ ಮೇಲೆ ಮಾತ್ರೆ ಕೊಡಲು ಹೋದ ಅಕ್ಕನೇ ನೋಡಿ ಕೂಗಿದ್ದು. ಅಜ್ಜ ಬದುಕಿಕೊಂಡರು. ಆದರೆ ಸದ್ದಿಗೆ ಬೇಸತ್ತು ನರ್ಸೇ ಅಲಾರಂ ಆರಿಸಿಟ್ಟಿದ್ದಾರೆ ಎಂದು ಮೇಲ್ವಿಚಾರಕಿ ಬರೆದಿಟ್ಟರು. ಅದು ಇವತ್ತು ಸಾಬೀತಾದರೆ ಅಕ್ಕನಿಗೆ ವಾರ್ಡೂ ಇಲ್ಲ, ಇಪ್ಪತ್ತೆರಡು ವರ್ಷದ ಹೆಸರೂ ಇಲ್ಲ.

ಅಕ್ಕನಿಗೆ ಮುಳುವಾಗಿದ್ದ ಕಾಗದಗಳಲ್ಲಿ ಒಂದು ತಮ್ಮನದೇ. ಘಟನೆಯಾದ ದಿನ ಅವನನ್ನು ಕರೆಸಿ ವೈಫೈ ಸರಿಯಿದೆಯಾ ಎಂದು ಕೇಳಿದ್ದರು. ಅವನು ಆ ಮಹಡಿಗೆ ವೈಫೈ ಹಂಚುವ ಮೂರೂ ರೂಟರುಗಳ ಹಸಿರು ದೀಪ ನೋಡಿ, ‘ಸರಿಯಿದೆ’ ಎಂದು ಗೀಚಿ, ಸಹಿ ಹಾಕಿ, ಮುಂದಿನ ಕೆಲಸಕ್ಕೆ ಓಡಿದ್ದ. ಆ ಒಂದು ಪದ ಹನ್ನೊಂದು ದಿನದಿಂದ ಅವನನ್ನು ಕುಟುಕುತ್ತಿತ್ತು.

ಗಂಟೆ ಒಂದೂಕಾಲಾಗಿತ್ತು. ಏಳನೇ ಹಾಸಿಗೆಯ ಎದುರು ಒಂದು ಸ್ಟೂಲು ಎಳೆದುಕೊಂಡು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಅವನು ಗಾಳಿಯಲ್ಲಿ ವೈಫೈ ಉಪಕರಣಗಳು ಏನು ಮಾತಾಡಿಕೊಳ್ಳುತ್ತಿವೆ ಎಂದು ಕೇಳಲು ಕೂತಿದ್ದ. ಲ್ಯಾಪ್‌ಟಾಪಿನ ಒಳಗಿನ ವೈಫೈ ಕಾರ್ಡು ಸತ್ತಿತ್ತು. ಧೂಳು ಒರೆಸುತ್ತೇನೆಂದು ಮೂರು ವಾರದ ಹಿಂದೆ ಬಿಚ್ಚಿದವನು ಸರಿಯಾಗಿ ಮುಚ್ಚಿರಲಿಲ್ಲ, ಅದರ ನಾಲ್ಕು ಸ್ಕ್ರೂ ಇನ್ನೂ ಅಂಗಿಯ ಜೇಬಿನಲ್ಲಿದ್ದವು. ಹಾಗಾಗಿ ಹೊರಗಿನಿಂದ ಚುಚ್ಚುವ, ಹೆಬ್ಬೆರಳಿನಷ್ಟು ಉದ್ದದ ಇನ್ನೊಂದು ಕಾರ್ಡೇ ಗತಿ.

ಆ ಕಾರ್ಡು ಒಂದು ಹಟಮಾರಿ. ತಯಾರಿಸಿದವರು ಕೊಟ್ಟ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಹಾಕಿದರೆ ಒಂದು ರೂಟರಿಗೆ ಅಂಟಿಕೊಂಡು ಸಭ್ಯವಾಗಿ ಮಾತಾಡುತ್ತಿತ್ತು, ಆದರೆ ಬೇರೆಯವರ ಮಾತಿಗೆ ಕಿವುಡು. ಯಾರೋ ಹವ್ಯಾಸಿಗಳು ಬರೆದ ಇನ್ನೊಂದು ಡ್ರೈವರ್ ಹಾಕಿ ಕೇಳುವ ಮೋಡ್‌ಗೆ ತಂದರೆ ಸುತ್ತಲಿನ ಎಲ್ಲ ಮಾತೂ ಕೇಳುತ್ತಿತ್ತು, ಆದರೆ ತಾನು ಮೂಗ. ಎರಡೂ ಒಟ್ಟಿಗೆ ಆಗದು. ಒಂದನ್ನು ಇಳಿಸಬೇಕು, ಕಾರ್ಡು ಕಿತ್ತು ಚುಚ್ಚಬೇಕು, ಇನ್ನೊಂದನ್ನು ಏರಿಸಬೇಕು. ಸಾಲದ್ದಕ್ಕೆ, ಕಂಪ್ಯೂಟರಿನ ಸಂಪರ್ಕ ನೋಡಿಕೊಳ್ಳುವ ತಂತ್ರಾಂಶವೊಂದಿತ್ತು. ಅದನ್ನು ಮೊದಲು ಸುಮ್ಮನಿರಿಸದಿದ್ದರೆ, ಕೇಳುತ್ತ ಕೂತ ಕಾರ್ಡನ್ನು ಅದು ಮತ್ತೆ ಮಾತಿಗೆ ಎಳೆದುಕೊಂಡು ಹೋಗುತ್ತಿತ್ತು. ಅವನು ಅದನ್ನು ಎರಡು ಸಲ ಮರೆತ. ಇಪ್ಪತ್ತು ನಿಮಿಷ ಮಣ್ಣುಪಾಲಾಯಿತು.

“ಜೇಬಲ್ಲಿ ಏನಪ್ಪಾ ಅದು, ಗಿಲಿಗಿಲಿ ಅಂತಿದೆ?” ಹಾಸಿಗೆಯ ಮೇಲಿಂದ ಅಜ್ಜ ಕೇಳಿದರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು.

“ಸ್ಕ್ರೂ ಅಜ್ಜ.”

“ಎಷ್ಟು?”

“ನಾಲ್ಕು.”

“ಹಾಗಾದ್ರೆ ಎಲ್ಲೋ ಒಂದು ಯಂತ್ರ ಬಾಯಿ ತೆರ್ಕೊಂಡು ಕೂತಿದೆ ಅಂತಾಯ್ತು.”

ಅವನು ಪೆಚ್ಚಾಗಿ ನಕ್ಕು ಮತ್ತೆ ಪರದೆಗೆ ಮುಖ ಹಾಕಿದ. ವೈಫೈ ಮಾತು ರೇಡಿಯೋದಂತೆ ಬೇರೆ ಬೇರೆ ಚಾನೆಲುಗಳಲ್ಲಿ ಹರಿಯುತ್ತದೆ, ಕಾರ್ಡು ಒಂದು ಸಲಕ್ಕೆ ಒಂದನ್ನೇ ಕೇಳಬಲ್ಲದು. ಅವನು ಒಂದನೆಯದನ್ನು ಹತ್ತು ಸೆಕೆಂಡು ಕೇಳಿ ಆರಕ್ಕೆ ಹಾರುತ್ತಿದ್ದ, ಆರರಿಂದ ಹನ್ನೊಂದಕ್ಕೆ, ಅಲ್ಲಿಂದ ಮತ್ತೆ ಒಂದಕ್ಕೆ. ಇಲ್ಲಿದ್ದಾಗ ಅಲ್ಲಿ ಏನೋ ತಪ್ಪಿಹೋಗುತ್ತಿದೆ ಎಂಬ ಹಪಾಹಪಿ. ಹಿಂದಿನ ಗೋಡೆಯಲ್ಲಿ ಗಡಿಯಾರ ಎರಡು ಹೊಡೆಯುವುದರಲ್ಲಿತ್ತು.

ಅಕ್ಕ ಔಷಧಿ ತಟ್ಟೆ ಹಿಡಿದು ಬಂದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಅಜ್ಜನ ಕೈಗೆ ಮಾತ್ರೆ ಕೊಟ್ಟು, ಮಾನಿಟರಿನ ಅಲಾರಂ ಗುಂಡಿಯನ್ನು ನೋಡಿದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಮತ್ತೊಮ್ಮೆ ನೋಡಿದಳು. ಆಮೇಲೆ ತಮ್ಮನ ಕುಣಿಯುವ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿದಳು. ಚಿಕ್ಕಂದಿನಿಂದಲೂ ಅವಳು ಮಾಡುತ್ತಿದ್ದುದು ಅದನ್ನೇ.

“ಏನಾದ್ರೂ ಸಿಕ್ತಾ?”

“ಹುಡುಕ್ತಾ ಇದೀನಿ ಅಕ್ಕ.”

“ಹುಡುಕ್ತಾ ಇಲ್ಲ, ಹಾರಾಡ್ತಾ ಇದೀಯ. ಒಂದು ಕಡೆ ನಿಂತು ಕೇಳೋ, ಮಾರಾಯ. ಹತ್ತು ನಿಮಿಷ.”

ಅವಳ ಮಾತಿಗಾಗಿ ಅವನು ಹನ್ನೊಂದನೇ ಚಾನೆಲಿನಲ್ಲಿ ನಿಂತ. ಹತ್ತು ನಿಮಿಷ ಅವನಿಗೆ ಹತ್ತು ದಿನ. ಪರದೆಯ ಮೇಲೆ ಸಾಲುಗಳು ಇಳಿಯುತ್ತಿದ್ದವು. ವಾರ್ಡಿನ ವೈಫೈ ಹೆಸರನ್ನು ಒಂದು ರೂಟರು ಕೂಗಿ ಹೇಳುತ್ತಿತ್ತು, ನಾನಿಲ್ಲಿದ್ದೇನೆ, ಬನ್ನಿ ಎಂದು. ಸ್ವಲ್ಪ ಹೊತ್ತಿನ ಮೇಲೆ ಅದೇ ಹೆಸರನ್ನು ಬೇರೆ ಯಾರೋ ಕೂಗಿದರು. ಹೆಸರು ಒಂದೇ, ಗುರುತಿನ ಸಂಖ್ಯೆ ಬೇರೆ. ಏಳನೇ ಹಾಸಿಗೆಯ ಮಾನಿಟರು ಆ ಕೂಗಿಗೆ ಓಗೊಟ್ಟಿತು, ಅಲ್ಲಿಗೆ ಹೋಗಿ ಆರೇಳು ನಿಮಿಷ ಕಾದು ನಿಂತಿತು, ಉತ್ತರ ಸಿಗದೆ ವಾಪಸ್ಸು ಬಂದಿತು.

ಅವನ ಕಿವಿ ನಿಮಿರಿತು. ಆ ಸಂಖ್ಯೆ ಯಾರದೆಂದು ನೋಡಲು ಕಚೇರಿಯ ಪಟ್ಟಿ ಬೇಕು, ಪಟ್ಟಿ ತರಲು ಕಾರ್ಡು ಮಾತಾಡಬೇಕು. ಇಳಿಸಿ, ಕಿತ್ತು, ಚುಚ್ಚಿ, ಏರಿಸಿ ಪಟ್ಟಿ ತಂದ. ಈ ಮಹಡಿಗೆ ಮೂರೇ ರೂಟರು, ಮೂರೇ ಸಂಖ್ಯೆ. ಇದು ನಾಲ್ಕನೆಯದು, ಪಟ್ಟಿಯಲ್ಲೇ ಇಲ್ಲ. ಮತ್ತೆ ಇಳಿಸಿ, ಕಿತ್ತು, ಚುಚ್ಚಿ, ಏರಿಸಿ ಕೇಳುವ ಮೋಡ್‌ಗೆ ಬಂದ. ಅಕ್ಕ ಗೆದ್ದಳು ಎಂದು ಅವನ ಎದೆ ಹಿಗ್ಗಿತು.

ಲ್ಯಾಪ್‌ಟಾಪನ್ನು ತಟ್ಟೆಯಂತೆ ಹಿಡಿದು ನಡೆದ. ನರ್ಸುಗಳ ಮೇಜಿನ ಬಳಿ ಆ ಕೂಗು ಕ್ಷೀಣವಾಯಿತು, ಹಿಂದಕ್ಕೆ ಬಂದರೆ ಜೋರಾಯಿತು. ಏಳನೇ ಹಾಸಿಗೆಯ ಗೋಡೆಯಾಚೆ, ಹಾಸಿಗೆ ಬಟ್ಟೆ ಇಡುವ ಕೋಣೆಯಲ್ಲಿ, ಇನ್ನೂ ಜೋರಾಯಿತು. ಕಪಾಟಿನ ಮೇಲಿನ ಹೊದಿಕೆಗಳ ಹಿಂದೆ ಕೈ ಹಾಕಿದ. ಬೆಚ್ಚಗಿನ ಪುಟ್ಟ ಪೆಟ್ಟಿಗೆಯೊಂದು ಸಿಕ್ಕಿತು. ಅದರ ಮೈಮೇಲೆ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ತುಂಡು, ತುಂಡಿನ ಮೇಲೆ ಬರಹ: ‘ಪರೀಕ್ಷೆ ನಡೆಯುತ್ತಿದೆ. ಮುಟ್ಟಬೇಡಿ. ಸಂಜೆ ತೆಗೆಯುತ್ತೇನೆ. ಬುಧವಾರ.’

ಅಕ್ಷರ ಅವನದೇ.

ಎಲ್ಲ ನೆನಪಾಯಿತು. ಆ ಮೂಲೆಗೆ ವೈಫೈ ಸರಿಯಾಗಿ ಮುಟ್ಟುವುದಿಲ್ಲವೆಂದು, ಘಟನೆಯ ಹಿಂದಿನ ದಿನ, ಈ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಯನ್ನು ಇಲ್ಲಿಟ್ಟು, ಅದರ ವೈಫೈ ಕಾರ್ಡನ್ನು ರೂಟರಿನಂತೆ ನಡೆಯುವ ಮೋಡ್‌ಗೆ ಬದಲಿಸಿ, ವಾರ್ಡಿನದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟಿದ್ದ. ಅಷ್ಟರಲ್ಲಿ ಕೆಳಗೆ ನೋಂದಣಿ ಕೋಣೆಯ ಪ್ರಿಂಟರು ನಿಂತಿದೆ ಎಂದು ಫೋನು ಬಂತು. ಅಲ್ಲಿಗೊಂದು ಕೇಬಲ್ ಬೇಕಿತ್ತು. ಪೆಟ್ಟಿಗೆಯನ್ನು ಆಸ್ಪತ್ರೆಯ ಜಾಲಕ್ಕೆ ಜೋಡಿಸುವ ಕೇಬಲನ್ನೇ ಕಿತ್ತುಕೊಂಡು ಓಡಿದ. ಕರೆಂಟಿನ ತಂತಿ ಹಾಗೇ ಉಳಿಯಿತು. ಅಂದಿನಿಂದ ಪೆಟ್ಟಿಗೆ ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಕರೆಯುತ್ತಿತ್ತು, ಒಳಗೆ ಮಾತ್ರ ದಾರಿಯೇ ಇರಲಿಲ್ಲ. ಗುರುವಾರ ಅಜ್ಜನ ಮಾನಿಟರು ಇಲ್ಲಿಗೇ ಬಂದು ಕೂಗಿಕೊಂಡಿತ್ತು.

ಗಂಟೆ ಎರಡೂ ಮುಕ್ಕಾಲಾಗಿತ್ತು. ಅವನು ಬಾಲ ಸುಟ್ಟ ಬೆಕ್ಕಿನಂತೆ ಆ ಸಣ್ಣ ಕೋಣೆಯಲ್ಲಿ ಅತ್ತಿತ್ತ ತಿರುಗಿದ. ಪೆಟ್ಟಿಗೆ ತೋರಿಸಿದರೆ ಅಕ್ಕ ಉಳಿಯುತ್ತಾಳೆ. ಪ್ಲಾಸ್ಟರು ಕಿತ್ತರೆ ತಾನೂ ಉಳಿಯುತ್ತೇನೆ. ಯಾರೋ ಇಟ್ಟಿದ್ದು ಎಂದರಾಯಿತು, ಪಟ್ಟಿಯಲ್ಲಂತೂ ಇಲ್ಲ. ಯೋಚನೆ ಮುಗಿಯುವ ಮೊದಲೇ ಉಗುರು ಪ್ಲಾಸ್ಟರಿನ ಅಂಚಿಗೆ ಹೋಗಿತ್ತು. ಪರ್ರನೆ ಎದ್ದು ಬಂತು. ಮುದುರಿ ಜೇಬಿಗೆ ತುರುಕಿಕೊಂಡ.

ವಿಚಾರಣೆ ಕೋಣೆಯಲ್ಲಿ ಮೇಲ್ವಿಚಾರಕಿ, ಹಿರಿಯ ಡಾಕ್ಟರು, ಎದುರಿಗೆ ಅಕ್ಕ. ಚಡಪಡಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕೇಳುವ ಮೋಡ್‌ನಲ್ಲಿ ಹಿಡಿದಿದ್ದ ಸಾಲುಗಳನ್ನು ತೋರಿಸಿ, ಮಾನಿಟರು ದಾರಿ ತಪ್ಪಿದ ಬಗೆಯನ್ನು ಒಂದೇ ಉಸಿರಿಗೆ ವಿವರಿಸಿದ. ಡಾಕ್ಟರು ಎರಡು ಸಲ ಕೇಳಿ ತಲೆದೂಗಿದರು. ಮೇಲ್ವಿಚಾರಕಿ ಕನ್ನಡಕ ತೆಗೆದು ಅಕ್ಕನ ಕಡೆ ತಿರುಗಿದರು.

“ಹಾಗಾದ್ರೆ ನಿಮ್ಮ ತಪ್ಪಿಲ್ಲ, ಸಿಸ್ಟರ್.”

ಅಕ್ಕ ಸೆರಗಿಲ್ಲದ ಸಮವಸ್ತ್ರದಲ್ಲಿ ಅಂಗೈಯಿಂದಲೇ ಕಣ್ಣೊರೆಸಿಕೊಂಡಳು.

“ನಾನು ಒತ್ತಿಲ್ಲ ಅಂತ ಎಲ್ಲರಿಗೂ ಹೇಳ್ತಿದ್ದೆ ಮೇಡಂ. ಆದ್ರೆ ನಾಲ್ಕೈದು ದಿನದಿಂದ ನನಗೇ ನಂಬಿಕೆ ಹೋಗಿತ್ತು. ನನ್ನ ಕೈಯೇ ಎಲ್ಲೋ ಒತ್ತಿರಬಹುದಾ ಅಂತ. ಗಡಿಬಿಡೀಲಿ ಒತ್ತಿ ಮರೆತಿದೀನಾ ಅಂತ. ಮನೆಗೆ ಹೋದ್ರೂ ಈ ಕೈನೇ ನೋಡ್ಕೊಂಡು ಕೂತಿರ್ತಿದ್ದೆ.”

“ಆಯ್ತು, ಬಿಡಿ,” ಎಂದರು ಮೇಲ್ವಿಚಾರಕಿ. “ಈ ಪೆಟ್ಟಿಗೆ ಅಲ್ಲಿಟ್ಟವರು ಯಾರು?”

ಗೊತ್ತಿಲ್ಲ ಎಂಬ ಮಾತು ಅವನ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಆದರೆ ಗಡಿಬಿಡಿ ಮಾಡುವವನು, ಮರೆಯುವವನು ಅವನು, ಕೈ ನೋಡಿಕೊಂಡು ಕೂತವಳು ಅಕ್ಕ. ಅದನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಜೇಬಿಗೆ ಕೈ ಹಾಕಿ ಪ್ಲಾಸ್ಟರು ಎಳೆದ. ಅದರ ಅಂಟಿಗೆ ನಾಲ್ಕೂ ಸ್ಕ್ರೂ ಕಚ್ಚಿಕೊಂಡು ಬಂದವು. ಮೇಜಿನ ಮೇಲೆ ಬಿಡಿಸಿ ಹರಡಿದ. ಅಕ್ಕ ಬಾಗಿ ಓದಿದಳು. ಅವಳು ಕಲಿಸಿದ ಅಕ್ಷರ, ಓದಲು ತಡವಾಗಲಿಲ್ಲ.

“ನಾನು ಮೇಡಂ. ಸರಿಯಿದೆ ಅಂತ ಬರ್ಕೊಟ್ಟಿದ್ದೂ ನಾನೇ. ಇದನ್ನ ಈಗಷ್ಟೇ ಕಿತ್ತು ಮುಚ್ಚಿಟ್ಕೊಂಡಿದ್ದೂ ನಾನೇ.”

ಮೇಲ್ವಿಚಾರಕಿ ಬಹಳ ಹೊತ್ತು ಬರೆದರು. ನಾಳೆಯಿಂದ ಅವನು ಬರಬೇಕೋ ಬೇಡವೋ ಮೇಲಿನವರು ಹೇಳುತ್ತಾರೆ ಎಂದರು. ಅವನು ತಲೆಯಾಡಿಸಿದ.

ಮೊಗಸಾಲೆಯಲ್ಲಿ ಅಕ್ಕ ಮುಂದೆ ಮುಂದೆ ನಡೆದಳು, ಅವನು ಹಿಂದೆ. ಬೈದಿದ್ದರೆ ವಾಸಿಯಿತ್ತು. ಮೆಟ್ಟಿಲ ಬಳಿ ಅವಳು ನಿಂತಳು, ಆದರೂ ತಿರುಗಲಿಲ್ಲ.

“ನನಗೇನೂ ಹೇಳ್ಬೇಡ ಈಗ. ಆರು ನಿಮಿಷ ಒಬ್ಬರೇ ಬಿದ್ದಿದ್ದು ನಾನಲ್ಲ. ಅವರಿಗೆ ಹೋಗಿ ಹೇಳು.”

ಏಳನೇ ಹಾಸಿಗೆಯ ಅಜ್ಜ ದಿಂಬಿಗೆ ಒರಗಿ ಎಚ್ಚರವಾಗಿದ್ದರು. ಅವನು ಹಾಸಿಗೆಯ ಕಾಲ ಬಳಿ ನಿಂತು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, “ಅಜ್ಜ, ಒಂದು ವಿಷಯ...” ಎಂದ.

“ಜೇಬು ಸದ್ದು ಮಾಡ್ತಿಲ್ಲ,” ಎಂದರು ಅಜ್ಜ. “ಏನೋ ದೊಡ್ಡ ವಿಷಯಾನೇ ಇರ್ಬೇಕು. ನಿಂತ್ಕೊಂಡು ಹೇಳೋದಾದ್ರೆ ನಾಳೆ ಹೇಳು. ಕೂತ್ಕೊಂಡು ಹೇಳೋದಾದ್ರೆ ಈಗ ಹೇಳು.”

ಅಷ್ಟರಲ್ಲಿ ಫೋನು ನಡುಗಿತು. ನೋಂದಣಿ ಕೋಣೆಯವರು, ಮತ್ತೆ ಪ್ರಿಂಟರು. ಅವನ ಕಾಲು ಅಭ್ಯಾಸಬಲದಿಂದ ಬಾಗಿಲ ಕಡೆ ಅರ್ಧ ತಿರುಗಿತು. ಅವನು ಫೋನು ಆರಿಸಿ, ಸ್ಟೂಲು ಎಳೆದು, ಕೂತ.

“ಆ ಬುಧವಾರದಿಂದ ಶುರು ಮಾಡ್ತೀನಿ ಅಜ್ಜ,” ಎಂದ.